ಐದನೆಯ ಹೋರಿಗರು

ನಮ್ಮ ಕಾಕಾ ತಾವು ಹುಟ್ಟಿರುವುದನ್ನು ಒಪ್ಪಿಕೊಂಡಿದ್ದಾರೆ. ಹುಟ್ಟಿದ ದಿನಾಂಕವನ್ನು ಮಾತ್ರ ಇನ್ನೂ ಒಪ್ಪಿಕೊಂಡಿಲ್ಲ!

ಶಾಲೆಯ ದಾಖಲೆಯ ಪ್ರಕಾರ ಅದು ಜೂನ್ ಒಂದು. ಆದರೆ ಅವರ ತರಗತಿಯಲ್ಲಿದ್ದ ಮೂವತ್ತು ಮಕ್ಕಳ ಪೈಕಿ ಇಪ್ಪತ್ತಾರು ಮಕ್ಕಳ ಜನ್ಮದಿನವೂ ಜೂನ್ ಒಂದೇ. ಶಾಲೆಗೆ ಹೆಸರು ಹಚ್ಚುವ ದಿನ ಮಾಸ್ತರರು ಬಾಯಿಗೆ ಬಂದ ತಾರೀಖನ್ನು ಬರೆದುಕೊಂಡರೆಂಬುದು ನಮ್ಮೂರು ಜುಗೂಳಕ್ಕೆಲ್ಲ ಗೊತ್ತು. ಊರು ಅದನ್ನು ಮರೆತು ಸುಖವಾಗಿದೆ. ಕಾಕಾ ಮರೆತಿಲ್ಲ. ಜೂನ್ ಒಂದರಂದು ಯಾರಾದರೂ ಕೈಕುಲುಕಲು ಬಂದರೆ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಕೇಳುತ್ತಾರೆ:

“ಇಪ್ಪತ್ತಾರು ಮಂದಿ ಅವ್ವಗೋಳು ಒಂದ ದಿನ ಬ್ಯಾನಿ ತಿಂದಿದ್ರ, ಅವತ್ತ ಜುಗೂಳದಾಗ ಸೂಲಗಿತ್ತಿ ಜೀವಂತ ಉಳೀತಿದ್ಲೇನು?”

ಬಂದವರು ಚಾಚಿದ ಕೈಯನ್ನು ಕಿಸೆಗೆ ಹಾಕಿಕೊಂಡು ಹೋಗುತ್ತಾರೆ.

ಕಾಕಾ ಸಂಖ್ಯಾಶಾಸ್ತ್ರದ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ರಾಯಬಾಗದಿಂದ ಅಥಣಿಯವರೆಗಿನ ಹೊಲಗಳಲ್ಲಿ ಬೆಳೆಯನ್ನು ಕೊಯ್ಯಿಸಿ, ತೂಗಿಸಿ, ಇಳುವರಿಯ ಅಂದಾಜು ಕಟ್ಟುವುದು ಅವರ ಕೆಲಸವಾಗಿತ್ತು. ಹೊಲದ ಯಾವ ಮೂಲೆಯಲ್ಲಿ ಕೊಯ್ಯಬೇಕೆಂಬುದನ್ನು ರೈತನೂ ಹೇಳುವಂತಿಲ್ಲ, ಅಧಿಕಾರಿಯೂ ಹೇಳುವಂತಿಲ್ಲ. ಅಡ್ಡಾದಿಡ್ಡಿಯಾಗಿ ಅಂಕಿಗಳನ್ನು ಮುದ್ರಿಸಿದ ಒಂದು ಪಟ್ಟಿ ಹೇಳಬೇಕು. ನಿವೃತ್ತಿಯ ದಿನ ಸರಕಾರ ಅವರಿಂದ ಕಚೇರಿಯ ಬೀಗದ ಕೈಯನ್ನು ಮರಳಿ ಪಡೆಯಿತು. ಆ ಪಟ್ಟಿಯನ್ನು ಮರಳಿ ಪಡೆಯಲಿಲ್ಲ. ಪಡೆದಿದ್ದರೆ ನಮ್ಮ ಮನೆಯ ನೆಮ್ಮದಿ ಉಳಿಯುತ್ತಿತ್ತು.

ಅವರೊಂದಿಗೆ ರಾಯಬಾಗದ ಸಂತೆಗೆ ಹೋಗುವ ದುರ್ದೈವ ನಿಮಗೆ ಬಾರದಿರಲಿ! ಬದನೆಕಾಯಿ ಮಾರುವವನು ಎಲ್ಲ ಮಾರುವವರಂತೆ, “ಎಲ್ಲಾ ಎಳೇವು ಅದಾವ್ರಿ, ಒಂದೂ ಹುಳಕಿಲ್ಲ” ಎನ್ನುತ್ತಾನೆ. ಅಷ್ಟಕ್ಕೆ ಕಾಕಾ ಕಿಸೆಯಿಂದ ಪಟ್ಟಿಯನ್ನು ತೆಗೆದು, ಮೂರನೇ ಸಾಲಿನ ಏಳನೇ ಕಾಯಿ, ಐದನೇ ಸಾಲಿನ ಎರಡನೇ ಕಾಯಿ ಎಂದು ಐದು ಕಾಯಿಗಳನ್ನು ಆರಿಸಿ, ಚೂರಿಯಿಂದ ಎರಡು ಹೋಳು ಮಾಡುತ್ತಾರೆ.

“ಏ ಕಾಕಾ, ಚಲೋ ಕಾಯಿ ಯಾಕ ಕೊಯ್ಯಾಕತ್ತೀರಿ?”

“ಚಲೋ ಅಂತ ಕೊಯ್ದ ಮ್ಯಾಲ ಗೊತ್ತಾತಲ್ಲೋ.”

“ಮುಂದಿನ ವಾರ ನಿಮ್ಮ ಮನ್ಯಾನ ಹೆಣ್ಮಕ್ಕಳನ್ನ ಕಳಸ್ರಿ. ನೀವು ಬಂದ್ರ ನಾ ಅಂಗಡಿ ಎತ್ತತೇನಿ!”

ಹೋಳಾದ ಕಾಯಿಗಳನ್ನು ಬಿಟ್ಟುಬರುವುದು ಅನ್ಯಾಯ. ಆದ್ದರಿಂದ ಅವನ್ನೇ ಕೊಳ್ಳಬೇಕು. ಹೀಗಾಗಿ ನಮ್ಮ ಮನೆಯಲ್ಲಿ ಇಡೀ ಬದನೆಕಾಯಿಯ ಎಣ್ಣೆಗಾಯಿ ಎಂಬ ಪದಾರ್ಥ ಅಳಿದುಹೋಗಿ ಬಹಳ ವರ್ಷಗಳಾದವು.

ಕಾಕಾ ನಮ್ಮ ಕಾಕುವನ್ನು ವರಿಸಿದ್ದೂ ಇದೇ ಕ್ರಮದಲ್ಲಿ. ಹೆಣ್ಣು ನೋಡಲು ಹೋದಾಗ ಬೀಗರು, “ಹುಡುಗಿ ಅಡಗಿ ಚಲೋ ಮಾಡತಾಳ್ರಿ” ಎಂದರಂತೆ. ಲೋಕದಲ್ಲಿ ಉಳಿದ ಗಂಡುಗಳು ಒಂದು ಬಟ್ಟಲು ಉಪ್ಪಿಟ್ಟು ತಿಂದು ತಲೆಯಾಡಿಸುತ್ತಾರೆ. ಕಾಕಾ ಬೇರೆಬೇರೆ ವಾರಗಳಲ್ಲಿ ಐದು ಸಲ ಹೋಗಿ ತಿಂದು ಬಂದರು! ಕಾಕು ಈ ಕತೆಯನ್ನು ಈಗಲೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೇಳುತ್ತಾಳೆ: “ಐದನೇ ಸಲ ಬಂದಾಗ ನನಗ ಸಿಟ್ಟು ಬಂದು ಉಪ್ಪಿಟ್ಟಿನಾಗ ಎರಡು ಮುಟಿಗಿ ಉಪ್ಪು ಸುರವಿದ್ದೆ. ಹಂಗಾರೂ ಬಿಡವೊಲ್ಲರು. ‘ಐದರಾಗ ಒಂದು ಕೆಟ್ರ ತಳ್ಳಿ ಹಾಕಾಕ ಬರಂಗಿಲ್ಲ’ ಅಂದ್ರು!”

ನಗಬೇಡಿ. ಈ ವಿಚಿತ್ರ ನಡೆಯ ಹಿಂದೆ ಒಂದು ಶಾಸ್ತ್ರವಿದೆ. ತಯಾರಿಸಿದವನು, ಮಾರುವವನು, ಹೊಗಳುವವನು ಏನನ್ನಾದರೂ ಹೇಳಿದರೆ ನಾವು ತಕ್ಷಣ ನಂಬುತ್ತೇವೆ, ಇಲ್ಲವೆ ತಕ್ಷಣ ಬೈಯುತ್ತೇವೆ. ಕಾಕಾ ಎರಡನ್ನೂ ಮಾಡುವುದಿಲ್ಲ. ಅವರ ಸೂತ್ರ ಇಷ್ಟೆ: “ಅಂವ ಹೇಳಿದ್ದು ಖರೇ ಅಂತ ಹಿಡಕೊಂಡು ಎಣಸಾಕ ಸುರು ಮಾಡು. ಅವನ ಮಾತು ಖರೇ ಇದ್ರ ಇಂಥಾ ಎಣಿಕಿ ಇಪ್ಪತ್ತು ಸಲದಾಗ ಒಮ್ಮೆನೂ ಬರೋದು ಕಷ್ಟ ಅನ್ನೂವಂಗಾದ್ರ, ಅವನ ಮಾತು ತಳ್ಳಿ ಹಾಕು. ಅಲ್ಲೀತನಕ ಬಾಯಿ ಮುಚಗೊಂಡು ಎಣಸು.”

ಇದರಲ್ಲಿ ‘ಬಾಯಿ ಮುಚಗೊಂಡು’ ಎಂಬ ಭಾಗ ನನ್ನನ್ನು ಉದ್ದೇಶಿಸಿದ್ದು. ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಪಾರಿತೋಷಕಗಳು ಇಂದಿಗೂ ನಮ್ಮ ಅಟ್ಟದ ಮೇಲಿವೆ. ಈಗ ಕಾಗವಾಡದ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೇನೆ. ಸಮಾಜವನ್ನು ತಿದ್ದಬಹುದೆಂಬ ನಂಬಿಕೆಯನ್ನು ನಾನಿನ್ನೂ ಬಿಟ್ಟಿಲ್ಲ. ಕಾಕಾ ಎಣಿಸಿ ಮುಗಿಸುವವರೆಗೆ ತೀರ್ಮಾನಕ್ಕೆ ಬರುವುದಿಲ್ಲ. ನಾನು ತೀರ್ಮಾನಕ್ಕೆ ಬಂದ ಮೇಲೆ ಎಣಿಸಬೇಕೋ ಬೇಡವೋ ಎಂದು ಯೋಚಿಸುತ್ತೇನೆ. ಒಂದೇ ಸೂರಿನಡಿಯಲ್ಲಿ ಹೀಗೆ ಇಬ್ಬರು ಬಾಳುತ್ತಿರುವಾಗ ಮಾಯಕ್ಕನ ಪ್ರಕರಣ ಬಂದೊದಗಿತು.

ಮಾಯಕ್ಕ ಕುರಿ ಕಾಯುವ ಮನೆತನದ ಹೆಣ್ಣುಮಗಳು. ವಯಸ್ಸು ಇಪ್ಪತ್ತೈದರ ಹತ್ತಿರ. ಆಕಳುಗಳಿಗೆ ಕೃತಕ ಗರ್ಭಧಾರಣೆ ಮಾಡುವ ತರಬೇತಿಯನ್ನು ಪಡೆದು ಬಂದಿದ್ದಳು. ಇದಕ್ಕೆ ನಮ್ಮ ಕಡೆ ‘ಇಂಜೆಕ್ಷನ್ ಮಾಡೋದು’ ಎನ್ನುತ್ತಾರೆ. ನಮ್ಮೂರ ಹಾಲಿನ ಡೇರಿಗೆ ಆಕೆಯನ್ನೇ ನೇಮಿಸಬೇಕೆಂದು ನಾನು ಸಭೆಯಲ್ಲಿ ನಲವತ್ತು ನಿಮಿಷ ಮಾತನಾಡಿದೆ. ಹೆಣ್ಣುಮಕ್ಕಳು ಹಾಲು ಹಿಂಡಬಹುದು, ಸೆಗಣಿ ಬಳಿಯಬಹುದು, ಇಂಜೆಕ್ಷನ್ ಮಾತ್ರ ಮಾಡಬಾರದೇ ಎಂದು ಗುಡುಗಿದೆ. ಸಭೆ ಒಮ್ಮತದಿಂದ ಒಪ್ಪಿತು. ನನ್ನ ವಾದಕ್ಕೆ ಸೋತು ಅಲ್ಲ, ಊಟದ ಹೊತ್ತಾಗಿತ್ತು.

ಸ್ಕೂಟಿಯ ಹಿಂಬದಿಗೆ ವೀರ್ಯವನ್ನು ತಣ್ಣಗಿಡುವ ನೈಟ್ರೋಜನ್ ತುಂಬಿದ ಕ್ಯಾನನ್ನು ಬಿಗಿದುಕೊಂಡು ಮಾಯಕ್ಕ ಮನೆಮನೆಗೆ ಹೋಗತೊಡಗಿದಳು. ಆ ಕ್ಯಾನಿನಿಂದಾಗಿ ಆಕೆಯ ಬಾಳಿನಲ್ಲಿ ಏನು ಬದಲಾಯಿತೆಂಬುದನ್ನು ನಾನು ಭಾಷಣದಲ್ಲಿ ಹೇಳಿರಲಿಲ್ಲ, ಏಕೆಂದರೆ ನನಗೇ ತಿಳಿದಿರಲಿಲ್ಲ. ಮುಂದೊಮ್ಮೆ ಆಕೆಯೇ ಕಾಕುವಿನ ಮುಂದೆ ಹೇಳಿದಳು: “ನಮ್ಮವ್ವ ಒಂದ ಒಲಿ ಮ್ಯಾಲ ವರ್ಷಪೂರ್ತಿ ಅಡಗಿ ಮಾಡಿದ್ದು ಇದ ಮೊದಲ ಸಲ ರೀ. ಇಲ್ಲಂದ್ರ ಕುರಿ ಹೋದಲ್ಲಿ ಮೂರು ಕಲ್ಲು.”

ಆ ವರ್ಷ ಡೇರಿಗೆ ಒಂದು ಕಂಪನಿಯ ಹೊಸ ಬಗೆಯ ವೀರ್ಯದ ನಳಿಕೆಗಳು ಬಂದವು. ಗಂಡು ಹೆಣ್ಣುಗಳ ಅಂಶವನ್ನು ಕಾರ್ಖಾನೆಯಲ್ಲೇ ವಿಂಗಡಿಸಲಾಗಿದೆ. ಹತ್ತು ಕರುಗಳಲ್ಲಿ ಒಂಬತ್ತು ಹೆಣ್ಣೇ ಎಂದು ಕರಪತ್ರದಲ್ಲಿ ದಪ್ಪ ಅಕ್ಷರಗಳಲ್ಲಿ ಮುದ್ರಿಸಿದ್ದರು. ಹೆಣ್ಣುಗರುವೆಂದರೆ ನಾಳಿನ ಹಾಲು. ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗರುವನ್ನು ಕೇಳುವವರು ಯಾರು? ಊರೆಲ್ಲ ಆ ನಳಿಕೆಗೆ ಮುಗಿಬಿದ್ದಿತು. ಒಂಬತ್ತು ತಿಂಗಳು ಎಲ್ಲರೂ ಕಾದರು. ಮೊದಲ ನಾಲ್ಕು ಆಕಳುಗಳು ಈದವು.

ಮೂರು ಹೋರಿ!

ಕಂಪನಿಯ ವಿಳಾಸ ಯಾರಿಗೂ ತಿಳಿಯದು. ಮಾಯಕ್ಕನ ಮನೆ ಎಲ್ಲರಿಗೂ ತಿಳಿದಿತ್ತು. ಡೇರಿಯ ಸಭೆ ಕೂಡಿತು. ಅಧ್ಯಕ್ಷರು ಕಬ್ಬು ದ್ರಾಕ್ಷಿಗಳನ್ನು ಬೆಳೆಯುವ ಗಟ್ಟಿ ಕುಳ, ಮಾತು ಒರಟು.

“ಮಾಸ್ತರ್ರ, ನಿಮ್ಮ ಹುಡುಗಿ ಕೈಗುಣ ಸುಮಾರ ಐತಿ ನೋಡ್ರಿ. ನಾಕರಾಗ ಮೂರು ಹೋರಿ! ಈಕಿಗಿಂತ ಮೊದಲ ಇಂಜೆಕ್ಷನ್ ಮಾಡತಿದ್ದ ಮನಷ್ಯಾ ಸಾದಾ ನಳಿಗಿಲೆ ಮಾಡಿದ್ರೂ ಅರ್ಧಕ್ಕರ್ಧ ಹೆಣ್ಣ ಬೀಳತಿದ್ದು.”

ನಾನು ಎದ್ದು ನಿಂತೆ. “ಸನ್ಮಾನ್ಯ ಅಧ್ಯಕ್ಷರೇ, ಸಭಿಕರೇ...”

“ಭಾಷಣ ಸುರು ಮಾಡಬ್ಯಾಡ್ರಿ, ಡೇರ್ಯಾಗಿನ ಹಾಲು ಒಡೀತೈತಿ!”

ಸಭೆ ನಕ್ಕಿತು. ಬಾಗಿಲ ಬಳಿ ನಿಂತಿದ್ದ ಮಾಯಕ್ಕ ನಗಲಿಲ್ಲ. ಆಗ ಹಿಂದಿನ ಸಾಲಿನಿಂದ ಕಾಕಾ ಎದ್ದರು.

“ನಾಕು ಕರಾ ಅಂದ್ರ ಏನ್ ಸ್ಯಾಂಪಲ್ ಏನ್ರಿ ಅದು? ನಾಕು ಗಣಿಕಿ ಕಬ್ಬು ತಿಂದು ಫ್ಯಾಕ್ಟರ್ಯಾಗ ಎಷ್ಟು ಸಕ್ಕರಿ ಇಳೀತೈತಿ ಅಂತ ಹೇಳತೀರೇನು? ಮತ್ತ ಗಂಡೋ ಹೆಣ್ಣೋ ಅನ್ನೋದು ನಳಿಗ್ಯಾಗ ಕುಂತ ಬಂದೈತಿ, ಅದರಾಗ ಆಕಿ ಕೈಗುಣ ಎಲ್ಲಿಂದ ಬಂತು? ಜ್ವಾಳಾ ಹುಳಕ ಇದ್ರ ಗಿರಣಿಯಾಂವಗ ಬೈತೀರೇನು?”

“ಅದೆಲ್ಲ ಇರಲಿ ಸಾಹೇಬ್ರ,” ಎಂದರು ಅಧ್ಯಕ್ಷರು. “ಎಷ್ಟರ ಮಟಾ ಕಾಯೂನು, ಅದನ್ನ ಹೇಳ್ರಿ.”

“ಇಪ್ಪತ್ತು ಕರಾ. ಎರಡು ಹೋರಿ ಬಂದ್ರ ಕಂಪನಿ ಹೇಳಿದಂಗ. ಮೂರು ಬಂದ್ರ ನಸೀಬ. ನಾಕು ಬಂದ್ರೂ ಕಂಪನಿ ಮಾತು ತಳ್ಳಿ ಹಾಕಾಕ ಬರಂಗಿಲ್ಲ. ಏಳೆಂಟು ಸಲದಾಗ ಒಮ್ಮೆ ಹಂಗ ಆಗತೈತಿ. ಐದು ಬಂದ್ರ ಮಾತ್ರ ಕಂಪನಿ ಮಾತು ಸುಳ್ಳು ಅಂತ ಹೇಳೂನು. ಮತ್ತ ಸತ್ತು ಹುಟ್ಟಿದ್ದು ಲೆಕ್ಕಕ್ಕಿಲ್ಲ. ಉಸರಾಡೋ ಕರಾ ಅಷ್ಟ.”

ಮೊದಲ ನಾಲ್ಕು ಕರುಗಳನ್ನು ಬಿಟ್ಟು ಹೊಸದಾಗಿ ಎಣಿಸಬಾರದೇಕೆ ಎಂದು ನಾನು ಅವರ ಕಿವಿಯಲ್ಲಿ ಪಿಸುಗುಟ್ಟಿದೆ. ಕಾಕಾ ಸಭೆಗೆಲ್ಲ ಕೇಳುವಂತೆ ಉತ್ತರಿಸಿದರು: “ಬ್ಯಾಡಾದ ಕರಾ ಬಿಡೋದು ಲೆಕ್ಕ ಅಲ್ಲಲೇ ತಮ್ಮಾ, ವಕೀಲಿ!”

ಅಧ್ಯಕ್ಷರು ತೊಡೆ ತಟ್ಟಿಕೊಂಡರು. “ಆತು. ಐದನೇ ಹೋರಿ ಬಿದ್ದ ದಿನ ಆಕಿ ಆ ಕ್ಯಾನ್ ತಂದು ನನ್ನ ಮುಂದ ಇಡಬೇಕು.”

“ಐದು ಅಂದಿದ್ದು ಕಂಪನಿಗೆ ರೀ, ಆಕಿಗಲ್ಲ!”

“ಕಂಪನಿ ಯಾರು ನೋಡ್ಯಾರ ಸಾಹೇಬ್ರ? ಆಕಿ ಕಣ್ಣ ಮುಂದ ಅದಾಳಲ್ಲ!”

ಎಲ್ಲರೂ ಕೈಯೆತ್ತಿದರು. ನಿರ್ಣಯವಾಯಿತು. ಕಂಪನಿಗೆಂದು ಕಾಕಾ ಹೆಣೆದ ಹಗ್ಗವನ್ನು ಅಧ್ಯಕ್ಷರು ನಮ್ಮೆದುರಿನಲ್ಲೇ ಮಾಯಕ್ಕನ ಕೊರಳಿಗೆ ಹಾಕಿದ್ದರು. ಆ ಕೊರಳನ್ನು ಸಭೆಗೆ ಕರೆತಂದವನು ನಾನು! ನಲವತ್ತು ನಿಮಿಷ ಮಾತನಾಡಿ ಒಬ್ಬರನ್ನು ನೀರಿಗಿಳಿಸುವುದು ಎಷ್ಟು ಸುಲಭ, ಆಮೇಲೆ ದಡದಲ್ಲಿ ನಿಂತು ನೋಡುವುದು ಎಷ್ಟು ಕಷ್ಟ ಎಂಬುದು ನನಗೆ ಅಂದು ತಿಳಿಯಿತು.

ಅಂದಿನಿಂದ ಕಾಕಾ ಒಂದು ನೋಟುಬುಕ್ಕನ್ನು ಹಿಡಿದು ಆಕಳು ಈದ ಮನೆಗಳಿಗೆ ಅಲೆಯತೊಡಗಿದರು. ಬಾಲವನ್ನು ಎತ್ತಿ ಸ್ವತಃ ನೋಡದೆ ಅವರು ಬರೆಯುವವರಲ್ಲ. ಈದ ಮನೆಯಲ್ಲಿ ಗಿಣ್ಣ ತಿನ್ನಿಸದೆ ಬಿಡುವವರಿಲ್ಲ. ಸಕ್ಕರೆ ಕಾಯಿಲೆಯ ಮನುಷ್ಯ ವಾರಕ್ಕೆ ಎರಡು ಬಟ್ಟಲು ಗಿಣ್ಣ ತಿಂದು ಬಂದರೆ ಕಾಕು ಸುಮ್ಮನಿರುವಳೇ? ಆದರೆ ಕಾಕಾರ ಬಳಿ ಇದಕ್ಕೂ ಶಾಸ್ತ್ರವಿತ್ತು: “ಬ್ಯಾಡ ಅಂದ್ರ ಅವರಿಗೆ ಬ್ಯಾಸರಾಗತೈತಿ. ಬ್ಯಾಸರಾದ ಮಂದಿ ಮಾಹಿತಿ ಸರಿ ಕೊಡಂಗಿಲ್ಲ.”

ಮಾಯಕ್ಕ ದಿನಾ ಬೆಳಿಗ್ಗೆ ನಮ್ಮ ಅಂಗಳದ ಮುಂದೆ ಸ್ಕೂಟಿಯ ಮೇಲಿಂದಲೇ ಕೇಳುತ್ತಿದ್ದಳು. “ಎಷ್ಟಾತ್ರಿ ಕಾಕಾರೀ?”

“ಎಂಟಕ್ಕ ಮೂರು.”

ಕ್ರಮೇಣ ಊರೇ ಕೇಳತೊಡಗಿತು. ಕಾಗವಾಡದ ಬಸ್ಸಿಗೆ ಕಾಯುವವರು ಒಬ್ಬರನ್ನೊಬ್ಬರು ವಿಚಾರಿಸುತ್ತಿದ್ದ ಬಗೆಯನ್ನು ಕೇಳಿದ ಪರಸ್ಥಳದವರು ಎಲ್ಲೋ ಕ್ರಿಕೆಟ್ ಪಂದ್ಯ ನಡೆದಿದೆಯೆಂದೇ ತಿಳಿಯಬೇಕು. “ಹನ್ನೊಂದಕ್ಕ ಮೂರು.” “ಹದಿಮೂರಕ್ಕ ಮೂರು.” ನಾನು ಸ್ವಲ್ಪ ಉಸಿರು ಬಿಟ್ಟೆ. ಹದಿನಾಲ್ಕನೆಯದು ಹೋರಿ. ಬಿಟ್ಟ ಉಸಿರನ್ನು ಒಳಗೆಳೆದುಕೊಂಡೆ!

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಂಪನಿಯ ಮೇಲೆ ಗ್ರಾಹಕರ ಆಯೋಗಕ್ಕೆ ಬರೆಯಬೇಕಾದ ದೂರನ್ನು ನಾನು ನಾಲ್ಕನೇ ಕರು ಹುಟ್ಟಿದಾಗಲೇ ಹದಿನಾಲ್ಕು ಪುಟಗಳಲ್ಲಿ ಬರೆದು ಮುಗಿಸಿದ್ದೆ. ಅತ್ಯಂತ ತೇಜಸ್ವಿಯಾದ ದೂರು! ಅದು ನಿಲ್ಲಬೇಕಾದರೆ ಐದು ಹೋರಿಗಳು ಬೇಕು; ಮಾಯಕ್ಕ ನಿಲ್ಲಬೇಕಾದರೆ ಐದು ಹೋರಿಗಳು ಬರಬಾರದು. ಕೆಲವು ಬೆಳಿಗ್ಗೆಗಳಲ್ಲಿ ನಾನು ಯಾವುದಕ್ಕಾಗಿ ಕಾಯುತ್ತಿದ್ದೇನೆಂದು ನನಗೇ ಸ್ಪಷ್ಟವಿರುತ್ತಿರಲಿಲ್ಲ. ಸ್ಕೂಟಿಯ ಸದ್ದು ಕೇಳಿಬಂದೊಡನೆ ಆ ಹದಿನಾಲ್ಕು ಪುಟಗಳನ್ನು ಪುಸ್ತಕದೊಳಗೆ ಅಡಗಿಸುತ್ತಿದ್ದೆ.

ಹದಿನೆಂಟಕ್ಕೆ ನಾಲ್ಕಾಯಿತು. ಹತ್ತೊಂಬತ್ತನೆಯದು ಆಯಿಯ ಮನೆಯ ಆಕಳು.

ಆಯಿ ಎಂದರೆ ನಮ್ಮ ಓಣಿಯ ತುದಿಯ ಮನೆಯ ಎಂಬತ್ತು ದಾಟಿದ ಮುದುಕಿ; ಮೀರಜ್ ಕಡೆಯ ತವರು, ಅರ್ಧ ಮಾತು ಮರಾಠಿ. ಚಿಕ್ಕಂದಿನಲ್ಲಿ ಕಾಕಾರನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಕಾಕಾ ಹೋಗಿ ಕದ ತಟ್ಟಿದರೆ ಆಕೆ ಕದವನ್ನು ಗೇಣಷ್ಟೇ ತೆರೆದು, “ಹೋರಿ ಹುಟ್ಟೈತಿ ಬಾಬಾ, ಹೋಗ ಇನ್ನ” ಎಂದು ಹೇಳಿ ಮುಚ್ಚಿದಳು. ಕಂಕುಳಲ್ಲಿ ಹೊತ್ತವಳ ಮಾತನ್ನು ಪರೀಕ್ಷಿಸುವುದು ಹೇಗೆ? ಬಾಳಿನಲ್ಲಿ ಮೊದಲ ಬಾರಿಗೆ ಕಾಕಾ ಕಣ್ಣಿನಿಂದ ನೋಡದೆ ಬರೆದರು. ಹತ್ತೊಂಬತ್ತಕ್ಕೆ ಐದು.

ಸುದ್ದಿ ಡೇರಿಯನ್ನು ಮುಟ್ಟಲು ಎಷ್ಟು ಹೊತ್ತು! ಮರುದಿನ ಬೆಳಿಗ್ಗೆ ಸ್ಕೂಟಿ ಬಂತು. ಮಾಯಕ್ಕ ಅಂದು ಎಷ್ಟಾಯಿತೆಂದು ಕೇಳಲಿಲ್ಲ.

“ಡೇರಿಗೆ ಹೊಂಟೇನ್ರಿ ಕಾಕಾರೀ, ಕ್ಯಾನ್ ಇಟ್ಟು ಬರಾಕ. ನಿಮಗೊಂದು ಮಾತು ಹೇಳಿ ಹೋಗೂನಂತ ಬಂದೆ.”

 ಕಾಕಾರ ಮುಂದಿನ ಚಹಾದ ಮೇಲೆ ಕೆನೆ ಕಟ್ಟಿತ್ತು. ಜೋಳವನ್ನು ಕೇರುತ್ತಿದ್ದ ಕಾಕು ಮೊರವನ್ನು ನಿಲ್ಲಿಸಿ ಕೇಳಿದಳು: “ಕರಾ ನೀವು ನೋಡೀರಿ?”

“ಆಯಿ ಹೇಳಿದ್ಲು.”

“ಒಳಗ ಬಿಡಲಿಲ್ಲ?”

“ಇಲ್ಲ.”

“ಗಿಣ್ಣ ಕೊಡಲಿಲ್ಲ?”

“ಇಲ್ಲ.”

“ಅಯ್ಯ ನಿಮ್ಮ ಲೆಕ್ಕಕ್ಕ ಬೆಂಕಿ ಹಚ್ಚಲಿ! ಹೋರಿಗರಕ್ಕ ಯಾರರ ಬಾಗಲಾ ಹಾಕ್ಕೋತಾರೇನ್ರಿ? ನಮ್ಮ ಅತ್ತೀನೂ ಹಿಂಗ ಮಾಡತಿದ್ರು. ಚಂದನ ಹೆಣ್ಣುಗರಾ ಹುಟ್ಟಿದ್ರ, ದೃಷ್ಟಿ ಆದೀತಂತ ಐದು ದಿನ ಊರಿಗೆಲ್ಲ ಹೋರಿ ಅಂತ ಹೇಳೋದು!”

ಕಾಕಾ ಎದ್ದ ರಭಸಕ್ಕೆ ಚಹಾ ಚೆಲ್ಲಿತು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ನನ್ನ ಚಪ್ಪಲಿ. ಅವರು ಓಡಿದರು, ಹಿಂದೆ ನಾವು ಮೂವರೂ ಓಡಿದೆವು.

“ಆಯಿ, ಕರಾ ತೋರಸು.”

“ನಕೋ! ಹೋರಿ ಅಂದೆನಲ್ಲ.”

“ನೀ ಹೇಳಿದ್ದು ಖರೇ ಅಂತ ಹಿಡದೇನಿ. ಆದ್ರ ನೋಡದ ಬಿಡಂಗಿಲ್ಲ.”

“ಕಣ್ಣ ಹಚ್ಚತೀಯೋ ಮೂಳಾ!”

“ಕಣ್ಣ ಕಟಗೊಂಡ ಬರತೇನಿ.”

“ಕಣ್ಣ ಕಟಗೊಂಡ ಏನ ನೋಡತೀ ಹುಚ್ಚಪ್ಯಾ?”

“ಕೈಲೆ ನೋಡತೇನಿ!”

ಮುದುಕಿ ಗೊಣಗುತ್ತ ಕದ ತೆರೆದಳು.  ಹೆಗಲ ಮೇಲಿನ ಟವೆಲನ್ನು ಕಣ್ಣಿಗೆ ಬಿಗಿದುಕೊಂಡು ಎಪ್ಪತ್ತರ ಕಾಕಾ ಕೈಗಳನ್ನು ಮುಂದೆ ಚಾಚಿ ಕೊಟ್ಟಿಗೆಯೊಳಕ್ಕೆ ಹೋದರು. ಒಳಗೆ ಏನೋ ಉರುಳಿತು. ಆಕಳು ಒದ್ದ ಸದ್ದು ಕೇಳಿಬಂತು. ಮಾಯಕ್ಕ ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಿದ್ದಳೆಂಬುದು ನನಗೆ ಆಮೇಲೆ ತಿಳಿಯಿತು. ಕಾಕಾ ಕುಂಟುತ್ತ, ಕಣ್ಣಿನ ಟವೆಲನ್ನು ಬಿಚ್ಚದೆಯೇ, ಗೋಡೆಯ ಕಡೆಗೆ ಮುಖ ಮಾಡಿ ಘೋಷಿಸಿದರು:

“ಹೆಣ್ಣು! ಹತ್ತೊಂಬತ್ತಕ್ಕ ನಾಕು!”

ಆಯಿ ಶಾಪ ಹಾಕುತ್ತ ಉಪ್ಪು ಮೆಣಸಿನಕಾಯಿ ತರಲು ಒಳಗೆ ಓಡಿದಳು.

ಇನ್ನು ಉಳಿದದ್ದು ಒಂದೇ. ದಿನ ತುಂಬಿದ ಆಕಳುಗಳ ಸಾಲಿನಲ್ಲಿ ಇಪ್ಪತ್ತನೆಯದು ಯಾರದೆಂದು ನೋಡಿದರೆ, ನಮ್ಮದೇ ಗೌರಿ! ಪರೀಕ್ಷಕನ ಮನೆಯ ಆಕಳೇ ಪರೀಕ್ಷೆಯನ್ನು ಮುಗಿಸಬೇಕೆಂದರೆ ನಾಳೆ ಯಾರು ನಂಬುತ್ತಾರೆ? ಕಾಕಾ ಸ್ವತಃ ಹೋಗಿ, ಈಯುವಾಗ ಸಾಕ್ಷಿಗೆ ಬರಬೇಕೆಂದು ಅಧ್ಯಕ್ಷರನ್ನು ಕೇಳಿಕೊಂಡು ಬಂದರು.

ಭಾನುವಾರ ಹತ್ತು ಗಂಟೆಗೆ ಗೌರಿಗೆ ಬೇನೆ ಶುರುವಾಯಿತು. ಅಧ್ಯಕ್ಷರು ಬಂದು ಕಟ್ಟೆಯ ಮೇಲೆ ಕುಳಿತರು. ಹನ್ನೊಂದಾಯಿತು. ಮುಂಗಾಲುಗಳ ಗೊರಸು ಕಂಡಿತು, ತಲೆ ಬರಲಿಲ್ಲ. ಹನ್ನೆರಡಾಯಿತು. ಗೌರಿ ಕಾಲು ಚಾಚಿ ಮಲಗಿಬಿಟ್ಟಳು. ದನದ ಡಾಕ್ಟರರಿಗೆ ಫೋನು ಮಾಡಿದರೆ ಅವರು ಅಥಣಿಯಾಚೆ ಒಂದು ಎಮ್ಮೆಯ ಬಳಿ ಇದ್ದರು. ಬರಲು ಎರಡು ಗಂಟೆ ಬೇಕು ಎಂದರು.

ಮಾಯಕ್ಕ ಅಂಗಳದ ಆಚೆಯೇ ಸ್ಕೂಟಿಗೆ ಒರಗಿ ನಿಂತಿದ್ದಳು. ತಾನು ಬಳಿಗೆ ಬಂದರೆ ತನ್ನ ಕೈಗುಣದ ಮಾತು ಮತ್ತೆ ಏಳುತ್ತದೆಂದು ಆಕೆಗೆ ಗೊತ್ತಿತ್ತು. ಗೌರಿ ಒಮ್ಮೆ ನರಳಿದಳು. ಮಾಯಕ್ಕ ಬಂದು ನೈಟಿಯ ಮೇಲೆ ಹಾಕಿದ ಅಂಗಿಯ ತೋಳನ್ನು ಹೆಗಲಿನವರೆಗೆ ಮಡಚಿದಳು.

“ತಲಿ ಹಿಂದಕ ಮಡಚೇತ್ರಿ. ಒಳಗ ದೂಡಿ ತಿರಗಸಬೇಕು. ಕಾಕು, ಎಣ್ಣಿ ತರ್ರಿ.”

“ಏ, ಆಕಿಗೆ ಮುಟ್ಟಾಕ ಬಿಡಬ್ಯಾಡ್ರಿ, ಡಾಕ್ಟರ್ ಬರಲಿ,” ಎಂದರು ಅಧ್ಯಕ್ಷರು.

“ಡಾಕ್ಟರ್ ಬರೂತನಕ ಆಕಳ ಇರಬೇಕಲ್ರೀ!” ಎಂದು ಕಾಕು ಎಣ್ಣೆಯ ಗಿಂಡಿಯನ್ನು ತಂದಳು.

ಕುರಿ ಕಾಯುವ ಅಪ್ಪನಿಂದ ಬೆಟ್ಟ ಬಯಲುಗಳಲ್ಲಿ ಕಲಿತ ವಿದ್ಯೆ ಅದು. ಆಕೆಯ ತೋಳು ಹೆಗಲಿನವರೆಗೆ ಒಳಗಿತ್ತು, ಕೆನ್ನೆ ಗೌರಿಯ ತೊಡೆಗೆ ಒತ್ತಿಕೊಂಡಿತ್ತು, ಕಣ್ಣು ಮುಚ್ಚಿತ್ತು. ಎಷ್ಟು ಹೊತ್ತು ಹೀಗಿತ್ತೋ ನಾನರಿಯೆ. ಕೊನೆಗೆ, “ಸಿಕ್ತು. ಕಾಲಿಗೆ ಕಟ್ಟಿದ ಹಗ್ಗ ಜಗ್ರಿ ಮಾಸ್ತರ್ರ, ಸಾವಕಾಶ” ಎಂದಳು. ನಾನೂ ಕಾಕಾರೂ ಜಗ್ಗಿದೆವು. ಕರು ಜಾರಿ ಗೋಣಿತಟ್ಟಿನ ಮೇಲೆ ಬಿತ್ತು.

ಹೋರಿ.

ಅದು ಉಸಿರಾಡುತ್ತಿರಲಿಲ್ಲ. ನಾಲಗೆ ನೀಲಿಯಾಗಿ ಹೊರಕ್ಕೆ ಜೋತಿತ್ತು.

 ಎಲ್ಲರ ತಲೆಯಲ್ಲಿಯೂ ಒಂದೇ ಲೆಕ್ಕ ನಡೆದಿತ್ತು. ಸತ್ತು ಹುಟ್ಟಿದ್ದು ಲೆಕ್ಕಕ್ಕಿಲ್ಲ. ನಾಲ್ಕು ನಾಲ್ಕೇ ಉಳಿಯುತ್ತದೆ. ಇಪ್ಪತ್ತನೆಯದು ಇನ್ನೊಬ್ಬರ ಮನೆಯ ಕರುವಾಗುತ್ತದೆ. ಕಾಕು ಮಾಯಕ್ಕನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದಳು: “ಬಿಡವ್ವ, ಹೋತದು. ಆಕಳ ಉಳದೈತಲ್ಲ, ಸಾಕು. ದೇವರು ನಿನ್ನ ಕಡೆ ನೋಡ್ಯಾನ ಅನಕೋ.”

ಮನುಷ್ಯರ ಏಳಿಗೆಯ ಬಗ್ಗೆ ಇಷ್ಟೆಲ್ಲ ಭಾಷಣ ಮಾಡಿದ ನಾನು ಆ ಗಳಿಗೆಯಲ್ಲಿ ಏನನ್ನು ಬೇಡಿಕೊಂಡೆ ಗೊತ್ತೇ? ಆ ಕರು ಹಾಗೆಯೇ ಇರಲಿ ಎಂದು. ಅಷ್ಟು ಸಣ್ಣ ಪ್ರಾರ್ಥನೆಯನ್ನು ನಾನು ಹಿಂದೆಂದೂ ಮಾಡಿರಲಿಲ್ಲ. ಅದಕ್ಕೂ ಮುನ್ನ ಯಾವ ಪ್ರಾರ್ಥನೆಯನ್ನೂ ಅಷ್ಟು ಮನಸಾರೆ ಮಾಡಿರಲಿಲ್ಲ.

ಮಾಯಕ್ಕನಿಗೆ ಕಾಕುವಿನ ಮಾತು ಕೇಳಿಸಿತೋ ಇಲ್ಲವೋ. ಆಕೆ ಕರುವಿನ ಬಾಯಿಯೊಳಗೆ ಬೆರಳು ಹಾಕಿ ಲೋಳೆಯನ್ನು ಬಳಿದಳು. ಹಿಂಗಾಲುಗಳನ್ನು ಹಿಡಿದು ಎತ್ತಿದಳು. ಕಡ್ಡಿಯಿಂದ ಮೂಗಿನಲ್ಲಿ ಕೆದಕಿದಳು. ಕಿವಿಗೆ ತಣ್ಣೀರು ಹನಿಸಿದಳು. ಗೋಣಿತಟ್ಟಿನಿಂದ ಎದೆಯನ್ನು ಉಜ್ಜಿದಳು, ಉಜ್ಜುತ್ತಲೇ ಇದ್ದಳು. “ಏಳಲೇ, ಏಳೋ ನನ ರಾಜಾ, ಏಳೋ ಬಾಡ್ಯಾ” ಎಂದು ಬೈಯುತ್ತ ಮುದ್ದಿಸುತ್ತ, ಕೊನೆಗೆ ಅದರ ಮೂಗಿಗೇ ಬಾಯಿಟ್ಟು ಊದಿದಳು.

ಕರು ಸೀನಿತು. ಪಕ್ಕೆ ಒಮ್ಮೆ ಏರಿತು. ಇಳಿಯಿತು. ಮತ್ತೆ ಏರಿತು.

ಮಾಯಕ್ಕ ಹಿಂದಕ್ಕೆ ಸರಿದು ಗೋಡೆಗೆ ಒರಗಿ ಕುಳಿತಳು. ಮುಖದ ಮೇಲಿನ ಲೋಳೆಯನ್ನು ಮೊಣಕೈಯಿಂದ ಒರೆಸಿಕೊಂಡು ಹೇಳಿದಳು:

“ಬರಕೋರಿ ಕಾಕಾರೀ. ಐದು.”

ಕಾಕಾ ಗೋದಲಿಯ ಮೇಲೆ ನೋಟುಬುಕ್ಕನ್ನಿಟ್ಟು ಬರೆದರು. ಅಂಕಿ ಓರೆಯಾಯಿತು. “ಇಪ್ಪತ್ತಕ್ಕ ಐದು. ನನ್ನ ಲೆಕ್ಕಾನೂ ತಪ್ಪಬಹುದು, ಇಪ್ಪತ್ತರಾಗ ಒಮ್ಮೆ. ಆದ್ರ ಕಂಪನಿ ಮಾತು ತಳ್ಳಿ ಹಾಕೇನಿ,” ಎಂದು ಓದಿದರು. ಮರುವಾರ ಕಂಪನಿಗೂ ಆಯೋಗಕ್ಕೂ ಹೋದ ದೂರಿನಲ್ಲಿ ನನ್ನ ಹದಿನಾಲ್ಕು ಪುಟಗಳಿರಲಿಲ್ಲ. ಆ ನೋಟುಬುಕ್ಕಿನ ಇಪ್ಪತ್ತು ಸಾಲುಗಳಿದ್ದವು. ಆದರೆ ಆ ಮಧ್ಯಾಹ್ನ ಕಂಪನಿಯ ನೆನಪು ಯಾರಿಗಿತ್ತು?

ಮಾಯಕ್ಕ ನೀರಿನ ತೊಟ್ಟಿಯಲ್ಲಿ ತೋಳುಗಳನ್ನು ತೊಳೆದಳು. ಸ್ಕೂಟಿಯ ಹಿಂದಿನ ಹಗ್ಗವನ್ನು ಬಿಚ್ಚಿದಳು. ಕ್ಯಾನನ್ನು ಎರಡೂ ಕೈಗಳಿಂದ ಎತ್ತಿ ತಂದು ಅಧ್ಯಕ್ಷರ ಮುಂದೆ ಕಟ್ಟೆಯ ಮೇಲಿಟ್ಟಳು.

“ತಗೋರಿ.”

ಅಧ್ಯಕ್ಷರು ಕ್ಯಾನನ್ನು ನೋಡಲಿಲ್ಲ. ಕಾಲೂರಲು ಹೆಣಗುತ್ತಿದ್ದ ಕರುವನ್ನೇ ನೋಡುತ್ತಿದ್ದರು.  ಆಮೇಲೆ ತಮ್ಮ ಎಂದಿನ ಒರಟು ದನಿಯಲ್ಲಿ, “ನಮ್ಮ ಎರಡನೇ ಆಕಳ ಬೆದಿಗೆ ಬಂದು ಮುಂಜಾನಿಂದ ಒದರಾಕತ್ತೈತಿ. ಇದನ್ನ ಇಲ್ಲಿ ಇಟ್ರ ಅದಕ್ಕ ಇಂಜೆಕ್ಷನ್ ಯಾರು ಮಾಡವ್ರು, ನಾನು?” ಎಂದು ಗದರಿ, ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

ಕ್ಯಾನನ್ನು ಎತ್ತಲು ನಾನು ಮುಂದಾದೆ. ಕಾಕಾ ನನ್ನನ್ನು ತಡೆದರು. ಎಪ್ಪತ್ತರ ಮುದುಕ ತಾವೇ ಅದನ್ನು ಎದೆಗವಚಿ ಎತ್ತಿಕೊಂಡು ಹೋಗಿ ಸ್ಕೂಟಿಯ ಮೇಲಿಟ್ಟರು. ಹಗ್ಗ ಬಿಗಿಯಲು ಹೋದರೆ ಗಂಟು ಬೀಳಲಿಲ್ಲ. ಮಾಯಕ್ಕ ತನ್ನ ಒದ್ದೆ ಕೈಗಳನ್ನು ಅವರ ಕೈಗಳ ಮೇಲಿಟ್ಟಳು. ಇಬ್ಬರೂ ಸೇರಿ ಗಂಟು ಹಾಕಿದರು. ಆಕೆ ಹೊರಡುವ ಮುನ್ನ ಕಾಕಾ ಅವಳ ತಲೆಯ ಮೇಲೆ ಅಂಗೈಯಿಟ್ಟರು. ನೋಟುಬುಕ್ಕು ಗೋದಲಿಯ ಮೇಲೆಯೇ ಉಳಿದಿತ್ತು.